ಎರಡು ಸಾಲು ಜಾಸ್ತಿ

ನಾನು ರಾಜಕೀಯ ಅಂಕಣ ಬರೆದ ಹದಿನಾಲ್ಕು ವರ್ಷಗಳಲ್ಲಿ ನಮ್ಮ ಪಕ್ಷ ಒಮ್ಮೆಯೂ ಸೋಲಲಿಲ್ಲ. ಮತ ಎಣಿಕೆಯಲ್ಲಿ ಸೋತದ್ದುಂಟು, ಠೇವಣಿ ಕಳೆದುಕೊಂಡದ್ದೂ ಉಂಟು. ಅಂಕಣದಲ್ಲಿ ಮಾತ್ರ ಸೋಲಲಿಲ್ಲ. ಎಣಿಕೆಯ ಹಿಂದಿನ ವಾರ ‘ಗೆಲುವು ಖಚಿತ’ ಎಂದು ಬರೆಯುತ್ತಿದ್ದೆ, ಮುಂದಿನ ವಾರ ‘ನೈತಿಕ ಗೆಲುವು’ ಎಂದು ಬರೆಯುತ್ತಿದ್ದೆ. ನಡುವೆ ಏನಾಯಿತು ಎಂಬುದನ್ನು ಓದುಗರು ರೇಡಿಯೋದಲ್ಲಿ ಕೇಳಿಕೊಳ್ಳುತ್ತಿದ್ದರು.

ಪತ್ರಿಕೆಯ ಕೆಲಸಕ್ಕೆ ಸೇರಲು ಹೊರಟವರು ಈಗ ಆಗಾಗ ಮನೆಗೆ ಬರುತ್ತಾರೆ. ಆ ಕಾಲದಲ್ಲಿ ಸಮೀಕ್ಷೆ ಹೇಗೆ ಮಾಡುತ್ತಿದ್ದಿರಿ, ನಾಯಕರ ಹೇಳಿಕೆಗಳನ್ನು ಹೇಗೆ ವಿಶ್ಲೇಷಿಸುತ್ತಿದ್ದಿರಿ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಎಚ್ಚರಿಕೆ. ಕಾಲೇಜಿನ ದಿನಗಳಿಂದ ನಾನು ಡೈರಿ ಇಟ್ಟಿದ್ದೇನೆ, ಆದರೆ ನನ್ನ ಡೈರಿಗೂ ನನ್ನ ನೆನಪಿಗೂ ಮಾತುಕತೆ ಅಷ್ಟಕ್ಕಷ್ಟೇ. ಹೋಗಿ ನೋಡಿ ಖಾತ್ರಿ ಮಾಡಿಕೊಳ್ಳೋಣವೆಂದರೆ ಹಳೆಯ ಬಾಗಲಕೋಟೆಯ ಆ ಓಣಿ, ಅದರೊಳಗಿನ ನಮ್ಮ ಅಚ್ಚುಕೂಟ, ಎಲ್ಲವೂ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿವೆ.

ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ನಾನು ಈ ವಾರಪತ್ರಿಕೆಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಆಗ ನಾವಿನ್ನೂ ವಿಜಾಪುರ ಜಿಲ್ಲೆ. ಪತ್ರಿಕೆಯ ಒಡೆಯರು ಹತ್ತಿಯ ಅಡತಿ ವ್ಯಾಪಾರಿ, ಪಕ್ಷದ ತಾಲೂಕಾ ಮುಖಂಡರು. ಊರೆಲ್ಲ ಅವರನ್ನು ಸಾವಕಾರ್ರು ಎನ್ನುತ್ತಿತ್ತು. ನನ್ನ ಸಂದರ್ಶನ ಅಂಗಡಿಯ ಗಾದಿಯ ಮೇಲೆ ನಡೆಯಿತು.

"ಎಂ.ಎ. ಅಂದ್ರ ಬೈಯಾಕ ಬರತೈತೇನು?"

"ಬರೀತೇನ್ರಿ ಸಾವಕಾರ್ರ."

"ಬರಿಯೂದು ಎಲ್ಲಾರಿಗೂ ಬರತೈತಿ. ಕೇಸ್ ಆಗಧಂಗ ಬೈಯೂದು ಕಲ್ತಾವ ಬೇಕು ನಮಗ."

ಮೂರು ತಿಂಗಳಲ್ಲಿ ಕಲಿತೆ. ಕಲಿಸಿದವರು ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ದಾವಲಸಾಬರು. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಅಕ್ಷರದ ಮನೆಗಳಿಗೆ ಮರಳಿ ಹಾಕುವುದು ರೂಢಿ. ದಾವಲಸಾಬರು ಕೆಲವು ಪ್ಯಾರಾಗಳನ್ನು ಬಿಚ್ಚುತ್ತಲೇ ಇರಲಿಲ್ಲ. ಸುತ್ತ ಹುರಿ ಬಿಗಿದು ಹಲಗೆಯ ಮೇಲೆ ಸಾಲಾಗಿ ಇಟ್ಟಿರುತ್ತಿದ್ದರು. ಚುನಾವಣೆ ಘೋಷಣೆಯಾದ ದಿನ ಹಲಗೆ ಕೆಳಗಿಳಿಯುತ್ತಿತ್ತು.

"ಸರ, ‘ಜನರ ಕಣ್ಣಿಗೆ ಮಣ್ಣೆರಚಿ’ ಐತಿ. ‘ಅಧಿಕಾರದ ಅಮಲು’ ಐತಿ. ‘ಸೂರ್ಯನಷ್ಟೇ ಸತ್ಯ’ನೂ ಐತಿ, ಆದ್ರ ಒಂದ ಮೂಲಿ ಸವದೈತಿ. ಯಾರಿಗೆ ಅಂತ ಹೆಸರಷ್ಟ ಹೇಳ್ರಿ, ಕೂಡಸ್ತೇನಿ."

ಹೀಗೆ ಹೆಸರು ಮಾತ್ರ ಬದಲಾಗುತ್ತಿತ್ತು. ನಮ್ಮ ಸಿಟ್ಟಿಗೆ ಸೀಸದಷ್ಟು ಬಾಳಿಕೆ ಇತ್ತು. ಒಮ್ಮೆ ಬದಾಮಿ ಕಡೆಯ ನಾಯಕರೊಬ್ಬರು ದಿಢೀರನೆ ನಮ್ಮ ಪಕ್ಷಕ್ಕೆ ಬಂದರು. ಸ್ವಾಗತ ಲೇಖನ ಬರೆದುಕೊಟ್ಟೆ. ಅವಸರದಲ್ಲಿ ದಾವಲಸಾಬರು ಅದರ ಕೆಳಗೆ ಅದೇ ನಾಯಕರ ಮೇಲಿನ ಹಳೆಯ ಪ್ಯಾರಾ ಕೂಡಿಸಿಬಿಟ್ಟರು. ಮೊದಲರ್ಧದಲ್ಲಿ ‘ಬಡವರ ಆಶಾಕಿರಣ’ ಆಗಿದ್ದವರು ಕೊನೆಯಲ್ಲಿ ‘ಅಧಿಕಾರದ ಅಮಲಿನಲ್ಲಿ ತೇಲುವವರು’ ಆಗಿದ್ದರು. ಪತ್ರಿಕೆ ಹಿಡಿದು ನಾಯಕರು ಅಚ್ಚುಕೂಟಕ್ಕೇ ಬಂದರು. ನಾನು ಎದ್ದು ಕುರ್ಚಿ ಕೊಟ್ಟೆ. ಅವರು ನನ್ನ ಬೆನ್ನು ತಟ್ಟಿ, "ಅರ್ಧಾ ಅಷ್ಟ ಓದೇನಿ. ಭಾಳ ಚಲೋ ಬರದೀರಿ" ಎಂದರು.

ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಆದರೆ ಡೈರಿಯ ಪ್ರಕಾರ ನಾಯಕರು ಬಂದೇ ಇಲ್ಲ, ಮೆಚ್ಚುಗೆಯನ್ನು ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದರು. ಕುರ್ಚಿ, ಬೆನ್ನು ತಟ್ಟಿದ್ದು ಎಲ್ಲವನ್ನೂ ಮುಂದೆ ಎಂದೋ ನಾನೇ ಸೇರಿಸಿರಬೇಕು. ಇದರ ಮುಂದೆ ಬರೆಯುವುದನ್ನು ಓದುವಾಗ ನೀವು ಇದನ್ನು ಮರೆಯಬಾರದು.

ಇನ್ನು ಸಮೀಕ್ಷೆ. ನನ್ನ ಪ್ರಯೋಗಶಾಲೆ ಕೆರೂರಿನ ಸಂತೆ. ಅಲ್ಲಿ ಕುರಿ ಮಾರಲು ಬರುತ್ತಿದ್ದ ಒಬ್ಬ ಹಿರಿಯರು, ಬೀರಪ್ಪನ ಭಕ್ತರು, ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರದ ಅರಿಸಿನ. ಅವರ ಬಾಯಿಯಿಂದ ಒಂದು ಮಾತು ಬಂದರೆ ಹತ್ತು ಊರಿನ ಮಾತು ಎಂದು ನನ್ನ ಸಿದ್ಧಾಂತ.

"ಅಜ್ಜಾರ, ಈ ಸಲ ಗಾಳಿ ಯಾ ಕಡೆ ಐತ್ರಿ?"

"ನೀ ಯಾರ ಕಡ್ಯಾವ?"

"ನಾ ಪೇಪರಿನಾವ್ರಿ."

"ಪೇಪರ್ ಯಾರ್ದು?"

ಸಾವಕಾರರ ಹೆಸರು ಹೇಳಿದೆ.

"ಹಂಗಾರ ಅವರ ಕಡೇನ ಐತಿ ಅಂತ ಬರಕೋ."

"ಖರೆ ಹೇಳ್ರಿ ಅಜ್ಜಾರ, ಬೀರಪ್ಪನ ಆಣಿ."

"ಬೀರಪ್ಪನ್ನ ಯಾಕ ಎಳೀತಿ ಇದರಾಗ? ಅವನ ಹೆಸರ ವೋಟಿನ ಯಾದ್ಯಾಗ ಐತೇನು?" ಎಂದು ಅವರು ಟಗರಿನ ಬೆನ್ನು ಹಿಚುಕಿ ನೋಡುವ ಕೆಲಸಕ್ಕೆ ಮರಳಿದರು. ಆ ವಾರ ನಮ್ಮ ಪತ್ರಿಕೆಯಲ್ಲಿ ‘ಕೆರೂರಿನ ಹಿರಿಯರ ಮನದಾಳ’ ಎಂದು ಬಂತು. ವಿರೋಧಿಗಳ ವಾರಪತ್ರಿಕೆಯಲ್ಲೂ ಅದೇ ಹಿರಿಯರ ಅದೇ ಮನದಾಳ ಬಂತು, ಗಾಳಿ ಮಾತ್ರ ತಿರುಗಿತ್ತು. ಆ ವರದಿಗಾರ ನನಗಿಂತ ಅರ್ಧ ತಾಸು ತಡವಾಗಿ ಸಂತೆಗೆ ಹೋಗಿದ್ದನಂತೆ.

ಇವೆಲ್ಲ ನಗುವ ವಿಷಯ. ಇನ್ನೊಂದನ್ನೂ ನಗುತ್ತಲೇ ಹೇಳಲು ಹಲವು ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ.

ಇಳಕಲ್ಲಿನಲ್ಲಿ ನಮ್ಮ ಬಾತ್ಮೀದಾರ, ಎಂದರೆ ಊರಿನ ವರದಿಗಾರ, ಈರಣ್ಣ. ನನ್ನ ಓರಗೆಯವನು, ನೇಕಾರ. ಮನೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ದಿನವೆಲ್ಲ ಮಗ್ಗ ನಡೆಸುತ್ತಿದ್ದ. ಸಂಜೆ ಸಭೆಗಳಿಗೆ ಹೋಗಿ ಕೇಳಿ, ದುಂಡಗಿನ ಅಕ್ಷರದಲ್ಲಿ ಬರೆದು, ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ನನಗೆ ಕಳಿಸುತ್ತಿದ್ದ. ಅವನ ವರದಿಯಲ್ಲಿ ಒಂದು ದೋಷವಿತ್ತು. ಯಾರು ಏನು ಹೇಳಿದರೋ ಅಷ್ಟನ್ನೇ ಬರೆಯುತ್ತಿದ್ದ. ಅದನ್ನು ತಿದ್ದುವುದೇ ನನ್ನ ಕೆಲಸವಾಗಿತ್ತು.

ತುರ್ತು ಪರಿಸ್ಥಿತಿ ಮುಗಿದ ಮೇಲೆ ಬಂದ ವಿಧಾನಸಭಾ ಚುನಾವಣೆ. ನಮ್ಮ ಎದುರು ಪಕ್ಷದ ಅಭ್ಯರ್ಥಿ ಹುನಗುಂದದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದವರು. ಹೆಸರು ಬೇಡ, ವಕೀಲರು ಎಂದರೆ ಸಾಕು. ಇಳಕಲ್ಲಿನ ಒಂದು ನೇಕಾರರ ಸಂಘಕ್ಕೆ ಅವರೇ ಅಧ್ಯಕ್ಷರು. ಸಂಘ ನೂಲು ಕೊಡುತ್ತಿತ್ತು, ನೇಕಾರರು ಸೀರೆ ನೇಯ್ದು ಕೊಡುತ್ತಿದ್ದರು. ಈರಣ್ಣನ ಮಗ್ಗವೂ ಆ ಸಂಘದ ನೂಲಿನಿಂದಲೇ ನಡೆಯುತ್ತಿತ್ತು. ವಕೀಲರಿಗೆ ಕೋರ್ಟಿನ ಒಂದು ಚಟವಿತ್ತು. ಎದುರಿನವರಿಗೆ ದಿಗಿಲಾಗುವಂಥ ಮಾತೊಂದನ್ನು ಹೇಳಿ ಸುಮ್ಮನೆ ನಿಲ್ಲುವರು, ಎಲ್ಲರೂ ಕತ್ತೆತ್ತಿದ ಮೇಲೆ ಮುಂದಿನದನ್ನು ಹೇಳುವರು. ನೇಕಾರರ ಸಭೆಯಲ್ಲಿಯೂ ಹಾಗೇ ಮಾಡಿದರು. ಈರಣ್ಣ ಬರೆದು ಕಳಿಸಿದ್ದು ಹೀಗಿತ್ತು:

"ಕುಣ್ಯಾಗ ಕುಂತ ಮಂದಿಗೆ ದೇಶ ಕಾಣಂಗಿಲ್ಲ. (ಇಲ್ಲಿ ವಕೀಲರು ನಿಂತರು. ಜನ ಗುಜುಗುಜು ಎಂದರು.) ಹಂಗಂತ ಬೆಂಗಳೂರಾಗಿನ ಸಾಹೇಬ್ರು ತಿಳಕೊಂಡಾರ. ಕಾಣತೈತೋ ಇಲ್ಲೋ ನೀವ ತೋರಸ್ರಿ ಅವರಿಗೆ. (ಚಪ್ಪಾಳೆ.)"

ನಾನು ಅದನ್ನು ಅಂಕಣದ ಕೊನೆಗೆ ಇಟ್ಟೆ. ಕಂಸಗಳನ್ನು ಮಾತ್ರ ತೆಗೆದೆ. ಅಲ್ಲಿಯವರೆಗೆ ನನ್ನ ಕೈ ಸ್ವಚ್ಛವಾಗಿತ್ತು ಎಂದು ನಂಬುತ್ತೇನೆ. ಪುಟ ಬಿಗಿಯುವ ಹೊತ್ತಿಗೆ ಬೀಡಿಯ ಜಾಹೀರಾತೊಂದು ಬಂತು.

"ಎರಡ ಸಾಲ ಜಾಸ್ತಿ ಆಗ್ಯಾವ್ರಿ ಸರ. ಯಾವ್ ತೆಗೀಲಿ?" ದಾವಲಸಾಬರು ಕೇಳಿದರು.

ನನ್ನ ಉತ್ತರ ನನಗೆ ಎರಡು ಬಗೆಯಲ್ಲಿ ನೆನಪಿದೆ. ಒಂದರಲ್ಲಿ ನಾನು ಬೇರೆ ಪುಟ ತಿದ್ದುತ್ತಿದ್ದೇನೆ, ತಲೆ ಎತ್ತದೆ "ಕೆಳಗಿನವು ತೆಗೀರಿ" ಎನ್ನುತ್ತೇನೆ, ಏಕೆಂದರೆ ಕೆಳಗಿನ ಸಾಲು ತೆಗೆಯುವುದು ಸುಲಭ. ಇನ್ನೊಂದರಲ್ಲಿ ಎದ್ದು ಹೋಗಿ, ಬಗ್ಗಿ, ತಿರುವುಮುರುವಾದ ಮೊಳೆಗಳನ್ನು ಓದಿ, ಅದೇ ಎರಡು ಸಾಲಿನ ಮೇಲೆ ಬೆರಳಿಡುತ್ತೇನೆ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟು: ‘ಬೀಡಿಯವರ ಜಾಹೀರಾತು ಬಂತು. ಅಂಕಣ ಚೆನ್ನಾಗಿ ಕೂತಿದೆ.’ ಜಾಗವಿಲ್ಲದೆ ಸಾಲು ಕಳೆದುಕೊಂಡವನು ಇಷ್ಟು ಸಂತೋಷಪಡುವುದಿಲ್ಲ. ಮೊದಲ ನೆನಪನ್ನು ನಂಬಲು ನನಗೆ ಇಷ್ಟ, ಡೈರಿ ಬಿಡುವುದಿಲ್ಲ.

‘ಕುಣ್ಯಾಗ ಕುಂತ ಮಂದಿಗೆ ದೇಶ ಕಾಣಂಗಿಲ್ಲ.’ ಅಂಕಣ ಅಲ್ಲಿಗೆ ಮುಗಿಯಿತು. ಕೆಳಗೆ ರೂಢಿಯಂತೆ ‘ಇಳಕಲ್ ಬಾತ್ಮೀದಾರರಿಂದ’ ಎಂದಿತ್ತು.

ಸಾವಕಾರರು ಸ್ವತಃ ಅಚ್ಚುಕೂಟಕ್ಕೆ ಬಂದು ಪೇಢೆ ಹಂಚಿದರು. "ಎಂ.ಎ. ಸಾಹೇಬ್ರ, ಇದೊಂದ ಸಾಲು ನಮ್ಮ ಹತ್ತ ಸಭಾಕ್ಕ ಸಮ ನೋಡ್ರಿ." ಮೂರು ದಿನದಲ್ಲಿ ಆ ಸಾಲು ಇಳಕಲ್ಲಿನಿಂದ ಹುನಗುಂದದವರೆಗೆ ಗೋಡೆಗಳ ಮೇಲೆ ಕೆಮ್ಮಣ್ಣಿನಲ್ಲಿ ಬಂತು, ಟಾಂಗಾಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಬಂತು. ರಾಮಥಾಳದಂಥ ಊರುಗಳಲ್ಲಿ ಮಗ್ಗವನ್ನೇ ಕಾಣದವರೂ ನೇಕಾರರ ಪರವಾಗಿ ಸಿಟ್ಟಾದರು. ನಾನು ‘ಇಂಥ ಉದ್ಧಟ ಹೇಳಿಕೆಯ ಮಾನಸಿಕ ಹಿನ್ನೆಲೆ’ ಎಂದು ಇನ್ನೊಂದು ಲೇಖನ ಬರೆದೆ. ಓದಿದ ರಾಜ್ಯಶಾಸ್ತ್ರವೆಲ್ಲ ಆ ಲೇಖನದಲ್ಲಿ ಉಪಯೋಗಕ್ಕೆ ಬಂತು.

ಮರುವಾರ ಈರಣ್ಣ ಮೊದಲನೇ ಬಸ್ಸಿಗೆ ಬಂದ. ಒಳಗೆ ಬಂದವನೇ ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟ.

"ಸೆರಗ ಕತ್ತರಿಸಿ ಸೀರಿ ಮಾರೀರಲ್ರಿ ಸರ."

"ಜಾಗ ಸಾಲಲಿಲ್ಲ ಈರಣ್ಣ. ಜಾಹೀರಾತು ಬಂತು."

"ಸಂಘದಾಗ ನೂಲು ನಿಲ್ಲಿಸ್ಯಾರ ನನಗ. ಬಾತ್ಮೀದಾರ ಅಂದ್ರ ನಾನ ಅಂತ ಊರಿಗೆಲ್ಲ ಗೊತ್ತೈತಿ. ನಾ ಪೂರಾ ಬರದು ಕಳಿಸೇನ್ರಿ ಅಂತ ವಕೀಲ್ರಿಗೆ ಹೇಳಿದೆ. ಅವರು ಬಾಯಿಮಾತು ನಂಬಾವ್ರಲ್ಲ. ಬರದ ಹಾಳಿ ತಂದ ತೋರಸು, ಇಲ್ಲಾ ಪೇಪರಿನಾಗ ಹಾಕಸು ಅಂದಾರ. ಎರಡ ಸಾಲ ಹಾಕ್ರಿ ಸರ. ಮಗ್ಗ ನಿಂತ ಆರ ದಿನಾ ಆತು."

ಅವನನ್ನು ಕೂರಿಸಿ ಸಾವಕಾರರ ಬಳಿಗೆ ಹೋದೆ. ಅವರು ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡುತ್ತಿದ್ದರು.

"ಇಲೆಕ್ಷನ್ ಮುಗೀಲಿ. ಎರಡ ಸಾಲ ಯಾಕ, ಎರಡ ಪುಟ ಹಾಕೂಣು."

"ಅಲ್ಲೀತನಕ ಅವನ ಹೊಟ್ಟಿ, ಸಾವಕಾರ್ರ?"

"ಹದಿನೈದ ದಿನದಾಗ ಯಾರೂ ಸಾಯೂದಿಲ್ಲ. ಪಕ್ಷ ಸಾಯತೈತಿ."

ಮರಳಿ ಬಂದೆ. ಈರಣ್ಣ ನನ್ನ ಮುಖ ನೋಡಿಯೇ ತಿಳಿದುಕೊಂಡ. "ಹೋಗ್ಲಿ ಬಿಡ್ರಿ. ನಾ ಬರದ ಹಾಳಿಯಾದ್ರೂ ಕೊಡ್ರಿ. ವಕೀಲ್ರಿಗೆ ತೋರಸ್ತೇನಿ."

ಹಾಳೆ ನನ್ನ ಮೇಜಿನ ಎರಡನೇ ಖಾನೆಯಲ್ಲಿತ್ತು. ಅದು ವಕೀಲರ ಕೈಗೆ ಹೋದರೆ ಕೋರ್ಟಿಗೆ ಹೋಗುತ್ತದೆ, ಕೋರ್ಟಿಗೆ ಹೋದರೆ ನನ್ನ ಹೆಸರು ಹೋಗುತ್ತದೆ. ಹಾಳೆ ಕೊಡಬೇಡವೆಂದು ನನಗೆ ಯಾರೂ ಹೇಳಲಿಲ್ಲ. ಸಾವಕಾರರಿಗೆ ಹಾಳೆಯ ವಿಷಯವೇ ಗೊತ್ತಿರಲಿಲ್ಲ. ಈ ಭಾಗದಲ್ಲಿ ನೆನಪೂ ಡೈರಿಯೂ ಒಂದೇ ಮಾತು ಹೇಳುತ್ತವೆ.

"ಹಳೇ ಹಾಳಿ ಎಲ್ಲಾ ರದ್ದಿಗೆ ಹಾಕಿಬಿಡ್ತೇವಿ ಈರಣ್ಣ. ಭಜಿ ಅಂಗಡಿಯಾವ ಒಯ್ದಾನ" ಎಂದೆ.

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಬಸ್ ನಿಲ್ದಾಣದ ಎದುರಿನ ಭಜಿ ಅಂಗಡಿಯಲ್ಲಿ ರದ್ದಿಯ ರಾಶಿ ಕೆದಕುತ್ತ ಅರ್ಧ ದಿನ ಕುಳಿತಿದ್ದನೆಂದು ದಾವಲಸಾಬರು ಮರುದಿನ ಹೇಳಿದರು.

ವಕೀಲರು ಸೋತರು. ಹದಿನಾಲ್ಕು ವರ್ಷದಲ್ಲಿ ನನ್ನ ಭವಿಷ್ಯ ನಿಜವಾದದ್ದು ಅದೊಂದೇ ಸಲ. ಸಾವಕಾರರು ನನಗೆ ಹಾರ ಹಾಕಿದರು. ಚುನಾವಣೆಯ ನಂತರದ ಎರಡು ಪುಟ ಬರಲಿಲ್ಲ, ಎರಡು ಸಾಲೂ ಬರಲಿಲ್ಲ. ನಾನು ಎರಡು ಸಲ ನೆನಪಿಸಿದೆ, ಮೂರನೆಯ ಸಲ ನೆನಪಿಸಲಿಲ್ಲ. ಈರಣ್ಣ ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂತ. ಅವನ ಮನೆಯ ಕುಣಿಗೆ ಹಲಗೆ ಮುಚ್ಚಿ ಮೇಲೆ ಕಾಳಿನ ಚೀಲ ಇಟ್ಟಿದ್ದಾರೆಂದು ಬಸ್ಸಿನ ಕಂಡಕ್ಟರ್ ಹೇಳಿದ. ಇಳಕಲ್ಲಿಗೆ ಔಷಧಿ ಅಂಗಡಿಯವರೊಬ್ಬರು ಹೊಸ ಬಾತ್ಮೀದಾರರಾದರು. ಅವರ ವರದಿಗಳಲ್ಲಿ ನಾನು ತಿದ್ದುವುದು ಏನೂ ಉಳಿದಿರುತ್ತಿರಲಿಲ್ಲ. ಸಭೆಗೆ ಹೋಗುವ ಮೊದಲೇ ಬರೆದಿಡುತ್ತಿದ್ದರು.

ಎಂಬತ್ತರ ದಶಕದ ಮೊದಲ ವಿಧಾನಸಭಾ ಚುನಾವಣೆ ಬಂತು. ಆ ಕಡೆಯವರು ಟಿಕೆಟ್ ಕೊಡಲಿಲ್ಲವೆಂದು ವಕೀಲರು ನಮ್ಮ ಪಕ್ಷಕ್ಕೆ ಬಂದುಬಿಟ್ಟರು. ಅಡತಿ ಅಂಗಡಿಯ ಅಂಗಳದಲ್ಲಿಯೇ ಸಾವಕಾರರೂ ಅವರೂ ಅಪ್ಪಿಕೊಂಡರು. ಆದರೆ ಗೋಡೆಗಳ ಮೇಲೆ ಹಳೆಯ ಸಾಲು ಇನ್ನೂ ಪೂರ್ತಿ ಮಾಸಿರಲಿಲ್ಲ. ಈಗ ಆ ಕಡೆಯವರು ಅದಕ್ಕೆ ಹೊಸದಾಗಿ ಕೆಮ್ಮಣ್ಣು ಬಳಿಯಲು ಶುರು ಮಾಡಿದರು. ಸಾವಕಾರರು ನನ್ನನ್ನು ಕರೆಸಿದರು.

"ಅವತ್ತ ಎರಡ ಸಾಲ ಅಂತಿದ್ರೆಲ್ಲಾ, ಅವು ಅದಾವೇನ್ರಿ?"

"ಅದಾವ್ರಿ."

"ಹಾಕ್ರಿ ಮತ್ತ! ಖರೇ ಮಾತು ಮಂದಿಗೆ ತಿಳೀಬೇಕಲ್ಲ!"

ಖಾನೆಯಿಂದ ಹಾಳೆ ತೆಗೆದೆ. ಈರಣ್ಣನ ಕೈಬರಹವನ್ನೇ ಹುಬ್ಬಳ್ಳಿಯಲ್ಲಿ ಅಚ್ಚಿನ ಬ್ಲಾಕ್ ಮಾಡಿಸಿ ಮುಖಪುಟದಲ್ಲಿ ಹಾಕಿದೆವು. ‘ಸತ್ಯಕ್ಕೆ ಸಾವಿಲ್ಲ’ ಎಂಬ ಶೀರ್ಷಿಕೆ ನನ್ನದೇ. ಬರೆಯುವಾಗ ನಾಚಿಕೆಯಾಗಿತ್ತೋ ಇಲ್ಲವೋ, ಡೈರಿ ಏನೂ ಹೇಳುವುದಿಲ್ಲ. ಆಗಿತ್ತು ಎಂದು ಈಗ ಹೇಳಿದರೆ ಅದು ಈಗಿನ ನಾಚಿಕೆ.

ಹತ್ತು ದಿನದ ಮೇಲೆ ಸಾವಕಾರರು ನನ್ನನ್ನು ಫೋಟೋಗ್ರಾಫರನ ಜೊತೆ ಇಳಕಲ್ಲಿಗೆ ಅಟ್ಟಿದರು. ಮುಖಪುಟ ನೋಡಿದ ವಕೀಲರು ಈರಣ್ಣನಿಗೆ ಮತ್ತೆ ನೂಲು ಕೊಡಿಸಿದ್ದಾರೆ, ‘ನೇಕಾರನಿಗೆ ನ್ಯಾಯ’ ಎಂದು ಬರೆಯಬೇಕು ಎಂದು ಆಜ್ಞೆ. ಫೋಟೋಗ್ರಾಫರನನ್ನು ಚಹದ ಅಂಗಡಿಯಲ್ಲಿ ಕೂರಿಸಿ ಒಬ್ಬನೇ ಓಣಿಯೊಳಗೆ ಹೋದೆ. ಮಗ್ಗದ ಸಪ್ಪಳ ಕೇಳುತ್ತಿತ್ತು. ಈರಣ್ಣ ಕುಣಿಯಲ್ಲಿ ಕೂತಿದ್ದ, ನಾನು ಬಾಗಿಲಲ್ಲಿ ನಿಂತಿದ್ದೆ. ಅವನ ಕಣ್ಣು ನನ್ನ ಮೊಣಕಾಲಿನ ಮಟ್ಟಕ್ಕಿತ್ತು.

"ಹಾಳಿ ಭಜಿ ಅಂಗಡಿಯಿಂದ ವಾಪಸ್ ಬಂತೇನ್ರಿ ಸರ?"

ನಾನು ಹೊಸ್ತಿಲ ಮೇಲೆ ಕೂತೆ.

"ವಕೀಲ್ರು ಮನಿತನಕ ಬಂದಿದ್ರು" ಎಂದು ಅವನೇ ಮುಂದುವರಿಸಿದ. "ತಪ್ಪ ತಿಳಕೊಂಡಿದ್ದೆ ಈರಣ್ಣ ಅಂದ್ರು. ದೊಡ್ಡ ಮನಸು. ಓಣ್ಯಾಗಿನ ಮಂದಿ ಏನಂತಾರ ಗೊತ್ತೈತೇನ್ರಿ? ಐದ ವರ್ಷದ ಹಿಂದ ಇವನೇ ಬೈದ ಬರದಾ, ಈಗ ವಕೀಲ್ರು ಪಾರ್ಟಿ ಬಿಟ್ಟಕೂಡ್ಲೆ ಇವನೇ ಹೊಗಳಿ ಬರದಾ, ಈರಣ್ಣನೂ ಅವರ ಹಿಂದ ಜಿಗದಾ ಅಂತಾರ. ಆ ಹಾಳಿ ಮೊನ್ನಿ ಕುಂತ ಬರದದ್ದು ಅಂತ ಅವರ ಲೆಕ್ಕ. ಖರೆ ಬರದ ತಪ್ಪಿಗೆ ಎರಡ ಸಲ ಸುಳ್ಳ ಆದೆ ನೋಡ್ರಿ."

"ಈರಣ್ಣ, ಇದನ್ನೆಲ್ಲಾ ಬರೀತೇನಿ. ಇದ್ದದ್ದು ಇದ್ದಂಗ. ನನ್ನ ತಪ್ಪೂ ಬರೀತೇನಿ" ಎಂದು ಪೆನ್ನು ತೆಗೆದೆ.

ಅವನು ಮೊದಲ ಸಲ ಮಗ್ಗ ನಿಲ್ಲಿಸಿದ.

"ಬ್ಯಾಡ್ರಿ. ಈಗ ನೀವು ವಕೀಲ್ರು ನೂಲು ಕೊಟ್ರು ಅಂತ ಹಾಕ್ತೀರಿ. ನಾಳಿ ಆ ಕಡ್ಯಾವ್ರು, ವೋಟಿಗಾಗಿ ಸಂಘದ ನೂಲು ಹಂಚ್ಯಾರ ಅಂತ ಅರ್ಜಿ ಕೊಡ್ತಾರ. ನಾಡದ ಸರಕಾರದಿಂದ ಯಾರೋ ಬಂದು ಚೌಕಶಿ, ತನಿಖೆ ಅಂತಾರ, ನೂಲಿನ ಗೋದಾಮಿಗೆ ಸೀಲ್ ಬೀಳತೈತಿ. ನೀವು ಒಳ್ಳೇದ ಬರೀರಿ, ಕೆಟ್ಟದ್ದ ಬರೀರಿ, ನಿಲ್ಲೂದು ನನ್ನ ಮಗ್ಗ. ಎಂಟ ದಿನಾತು ಹಚ್ಚಿ. ಇನ್ನೊಮ್ಮಿ ನಿಲ್ಲಸಬ್ಯಾಡ್ರಿ ಸರ."

ಅಷ್ಟು ಹೇಳಿ ಲಾಳಿ ಎಳೆದ. ಸಪ್ಪಳದಲ್ಲಿ ಇನ್ನು ಮಾತಿಗೆ ಅವಕಾಶವಿರಲಿಲ್ಲ.

ಬಾಗಲಕೋಟೆಗೆ ಬಂದು ಸಾವಕಾರರಿಗೆ ತಿಳಿಸಿದೆ. ಅವರು ಬೆರಗಾಗಿ ಕೇಳಿದರು: "ಒಲ್ಲೆ ಅಂದಾ? ಅವನ್ನ ಕೇಳಿ ಹಾಕಾಕ ಇದೇನ ಲಗ್ನಪತ್ರನ ಎಂ.ಎ. ಸಾಹೇಬ್ರ? ಫೋಟೋ ಇಲ್ಲಂದ್ರ ಹಂಗ ಹಾಕ್ರಿ."

"ನಾ ಬರಿಯೂದಿಲ್ಲ" ಎಂದು ನಾನು ನೇರವಾಗಿ ಹೇಳಿದ್ದು ಸ್ಪಷ್ಟವಾಗಿ ನೆನಪಿದೆ. ಅಂಗಡಿಯ ಗುಮಾಸ್ತರು ತಲೆ ಎತ್ತಿ ನೋಡಿದ್ದೂ ನೆನಪಿದೆ. ಡೈರಿಯಲ್ಲಿ ಬರೆದಿರುವುದು: ‘ಜ್ವರವೆಂದು ಹೇಳಿ ಎರಡು ವಾರ ರಜೆ. ಅಕ್ಕನ ಊರು ಚೊಳಚಗುಡ್ಡಕ್ಕೆ ಹೋಗಿದ್ದೆ.’ ನೀವು ಡೈರಿಯನ್ನೇ ನಂಬಿ. ಜ್ವರವೋ ಧೈರ್ಯವೋ, ಆ ಎರಡು ವಾರ ಅಂಕಣ ಬರಲಿಲ್ಲ, ಈರಣ್ಣನ ನೂಲಿನ ಸುದ್ದಿಯೂ ಬರಲಿಲ್ಲ. ಮೂರನೆಯ ವಾರದ ಹೊತ್ತಿಗೆ ಮತದಾನ ಮುಗಿದಿತ್ತು.

ವಕೀಲರು ಮತ್ತೆ ಸೋತರು. ಮೊದಲ ಸಲ ಅವರನ್ನು ನಾವು ಅರ್ಧ ಮಾತಿನಿಂದ ಸೋಲಿಸಿದ್ದೆವು. ಎರಡನೆಯ ಸಲ ಪೂರ್ತಿ ಮಾತಿನಿಂದ ಗೆಲ್ಲಿಸಲು ಹೋದೆವು, ಆಗಲಿಲ್ಲ. ಗೋಡೆಯ ಮೇಲೆ ಒಂದು ಸಾಲಿಗೆ ಜಾಗವಿರುತ್ತದೆ, ಮೂರು ಸಾಲಿಗೆ ಇರುವುದಿಲ್ಲ. ಈ ಕೆಲಸಕ್ಕೆ ಬರುವವರಿಗೆ ನಾನು ಕಲಿತ ರಾಜ್ಯಶಾಸ್ತ್ರದಲ್ಲಿ ಹೇಳಬಹುದಾದದ್ದು ಇಷ್ಟೇ. ಆ ವಾರ ‘ನೈತಿಕ ಗೆಲುವು’ ಎಂದು ಬರೆದೆ.

ಮುಂದೆ ನಾಲ್ಕು ವರ್ಷ ಅಂಕಣ ಬರೆದೆ, ಆಮೇಲೆ ಅದನ್ನು ಬಿಟ್ಟು ಬೇರೆ ಪುಟಗಳನ್ನು ನೋಡಿಕೊಂಡು ನಿವೃತ್ತನಾದೆ. ಇಳಕಲ್ಲಿಗೆ ಹೋದಾಗಲೆಲ್ಲ ಆ ಓಣಿಯ ತುದಿಯಲ್ಲಿ ನಿಂತು ಮಗ್ಗದ ಸಪ್ಪಳ ಕೇಳಿಸಿಕೊಂಡು ಬರುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ಈರಣ್ಣ ಕಣ್ಣು ಮಂಜಾಗಿ ಎಳೆ ಕಾಣದಂತಾಗುವವರೆಗೂ ನೇಯ್ದ. ಕೊನೆಗೆ ತಾನಾಗಿಯೇ ಕುಣಿಯಿಂದ ಎದ್ದ, ಯಾರೂ ಎಬ್ಬಿಸಲಿಲ್ಲ. ಅವನು ಎದ್ದನೆಂದು ಖಾತ್ರಿಯಾದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.